ಟ್ರೈನಿಂಗ್‌ನ ಮೊದಲ ಒಂದು ಗಂಟೆ: ಜನರ ಬಿಗುಮಾನ ಬಿಡಿಸೋದು ಹೇಗೆ?

ಹೊಸ ಟ್ರೈನರ್
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಗ್ರಾಹಕರ ದೂರು ಕೇಳಿಸಿಕೊಂಡವಳು ನಾನು. "ನಿಮಗೆ ಕೆಲಸ ಚೆನ್ನಾಗಿ ಗೊತ್ತಲ್ಲ, ಉಳಿದವರಿಗೂ ಹೇಳಿಕೊಡಿ" ಅಂತ ಈಗ ಟ್ರೈನರ್ ಮಾಡಿದ್ದಾರೆ. ಮೊದಲ ಬ್ಯಾಚ್ ಹೋದ ವಾರ ಮುಗಿಯಿತು. ಮುಗಿಯಿತು ಅನ್ನೋದಕ್ಕಿಂತ ಹೇಗೋ ದಡ ಸೇರಿತು.

ಎರಡು ದಿನದ ಕೋರ್ಸ್, 24 ಜನ, ನಾಲ್ಕು ವಿಭಾಗದವರು. ಎಲ್ಲರೂ ಸ್ವಲ್ಪ ಮನಸ್ಸು ಬಿಚ್ಚಲಿ ಅಂತ ಶುರುವಿನಲ್ಲಿ "ಎರಡು ನಿಜ, ಒಂದು ಸುಳ್ಳು" ಆಡಿಸಿದೆ. ಒಬ್ಬರು ತಮ್ಮ ಬಗ್ಗೆ ಮೂರು ಮಾತು ಹೇಳಬೇಕು, ಅದರಲ್ಲಿ ಸುಳ್ಳು ಯಾವುದು ಅಂತ ಪಕ್ಕದವರು ಊಹಿಸಬೇಕು. ಐದಾರು ಜನ ಚೆನ್ನಾಗಿಯೇ ಆಡಿದರು. ಆಮೇಲೆ ಒಬ್ಬ ಸೀನಿಯರ್ ಮ್ಯಾನೇಜರ್ ಸರದಿ ಬಂತು. ಅವರ ಮೂರು ಮಾತಿನಲ್ಲಿ ಒಂದು, "ಆಫೀಸಿನಲ್ಲಿ ನಾನು ಯಾರ ಮೇಲೂ ಕೂಗಾಡಿಲ್ಲ." ಪಕ್ಕದಲ್ಲಿದ್ದವಳು ಅವರದೇ ಟೀಮಿನ ಹುಡುಗಿ. ಒಂದು ಸೆಕೆಂಡೂ ಯೋಚಿಸದೆ "ಅದೇ ಸುಳ್ಳು" ಅಂದಳು. ಇಡೀ ರೂಮು ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ. ಸುಳ್ಳು ಬೇರೆಯದಂತೆ. ಅವರ ಲೆಕ್ಕದಲ್ಲಿ ಅದು ನಿಜ!

ಆಮೇಲೆ ಎರಡು ದಿನ ಆ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ. ಉಳಿದವರೂ ಹುಷಾರಾದರು. ದೂರು ನಿಭಾಯಿಸುವ ಕೋರ್ಸಿನಲ್ಲಿ ಒಬ್ಬರೂ ತಮ್ಮ ಒಂದು ತಪ್ಪನ್ನೂ ಹೇಳಿಕೊಳ್ಳಲಿಲ್ಲ. ಮುಂದಿನ ಬ್ಯಾಚ್‌ಗೆ ಹತ್ತು ದಿನ ಇದೆ. ಬೇರೆ ಆಟ ಹುಡುಕಲಾ? ಆಟವನ್ನೇ ಬಿಡಲಾ?

ಮೂಲೆ ಕುರ್ಚಿ
ಬಿಡಿ.

ಮೂಲೆ ಕುರ್ಚಿ
ಒಂದೇ ಪದದಲ್ಲಿ ಹೇಳಿದ್ದು ಒರಟಾಯಿತೇನೋ. ವಿವರಿಸುತ್ತೇನೆ. "ಎಲ್ಲರೂ ಎದ್ದು ನಿಲ್ಲಿ, ಒಂದು ಪುಟ್ಟ ಆಟ ಆಡೋಣ" ಅಂತ ಟ್ರೈನರ್ ಅಂದ ಕೂಡಲೇ ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ. ನಾನು ಜನರ ಜೊತೆ ಬೆರೆಯದವನಲ್ಲ. ದಿನಕ್ಕೆ ನಲವತ್ತು ಜನರ ಜೊತೆ ಮಾತಾಡುವ ಕೆಲಸ ನನ್ನದು. ಆದರೆ ಪರಿಚಯವೇ ಇಲ್ಲದವರ ಮುಂದೆ ಸುಮ್ನೆ ಕುಣಿ ಅಂದರೆ ಆಗಲ್ಲ.

ಚಪ್ಪಾಳೆ
ಎಲ್ಲ ಆಟಾನೂ ಒಂದೇ ತಕ್ಕಡಿಗೆ ಹಾಕಬೇಡಿ. ಹೊಸದಾಗಿ ಸೇರಿದವರಿಗೆ ನಾನು ಬಿಂಗೋ ಆಡಿಸುತ್ತೇನೆ. ಒಂದೊಂದು ಚೌಕದಲ್ಲಿ "ಮೂರು ಭಾಷೆ ಬರುವವರು", "ಕೆಲಸಕ್ಕೆ ಸೈಕಲ್‌ನಲ್ಲಿ ಬರುವವರು" ಅಂತ ಇರುತ್ತೆ. ಅಂಥವರನ್ನು ಹುಡುಕಿ ಹೆಸರು ಬರೆಸಿಕೊಳ್ಳಬೇಕು. ಇಪ್ಪತ್ತು ನಿಮಿಷದಲ್ಲಿ ರೂಮು ಸಂತೆಯಾಗುತ್ತೆ. ಒಬ್ಬರೂ ಬೇಜಾರು ಮಾಡಿಕೊಂಡಿದ್ದು ನೋಡಿಲ್ಲ.

ಜಗಳಗಂಟ
ಬೇಜಾರಾದವರು ಟ್ರೈನರ್ ಮುಂದೆ ಮುಖ ಸಿಂಡರಿಸಲ್ಲ ಚಪ್ಪಾಳೆಯವರೇ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಐದಕ್ಕೆ ನಾಲ್ಕು ಕೊಟ್ಟು ಮನೆಗೆ ಹೋಗ್ತಾರೆ.

ಲೆಕ್ಕದವರು
ಆಟ ಒಳ್ಳೆಯದೋ ಕೆಟ್ಟದೋ ಆಮೇಲೆ ನೋಡೋಣ. ಮೊದಲು ಲೆಕ್ಕ ಹಾಕಿ. 24 ಜನ, ತಲಾ ಎರಡು ನಿಮಿಷ ಅಂದರೆ 48 ನಿಮಿಷ. ಅದರಲ್ಲಿ ಒಬ್ಬೊಬ್ಬರೂ ಮಾತಾಡೋದು ಎರಡು ನಿಮಿಷ, ಸುಮ್ಮನೆ ಕೂರೋದು 46 ನಿಮಿಷ. ಅದೇ ಇಬ್ಬಿಬ್ಬರನ್ನು ಜೋಡಿ ಮಾಡಿ ಆರು ನಿಮಿಷ ಕೊಟ್ಟರೆ ಎಲ್ಲರೂ ಮೂರು ಮೂರು ನಿಮಿಷ ಮಾತಾಡಿರುತ್ತಾರೆ. ಸರದಿ ಪ್ರಕಾರ ಪರಿಚಯ ಮಾಡಿಸುವವರು ಈ ಲೆಕ್ಕ ಯಾವತ್ತೂ ಹಾಕಲ್ಲ ಅನ್ನಿಸುತ್ತೆ.

ಪುಸ್ತಕದ ಹುಳು
ಆ 46 ನಿಮಿಷದಲ್ಲೂ ಕೇಳಿಸಿಕೊಳ್ಳೋದು ಅಷ್ಟಕ್ಕಷ್ಟೇ. ಮ್ಯಾಲ್ಕಂ ಬ್ರೆನರ್ ಅನ್ನುವವರು 1973ರಲ್ಲಿ ಇದರ ಬಗ್ಗೆ ಪ್ರಯೋಗ ಪ್ರಕಟಿಸಿದ್ದಾರೆ. ಜನ ಸರದಿಯಂತೆ ಒಂದೊಂದು ಪದ ಜೋರಾಗಿ ಓದುತ್ತಾ ಹೋಗಬೇಕು. ಆಮೇಲೆ ಯಾರ್ಯಾರು ಏನು ಓದಿದರು ಅಂತ ಕೇಳಿದರೆ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಬಂದ ಪದಗಳೇ ನೆನಪಿನಿಂದ ಹಾರಿಹೋಗಿದ್ದವು. "ಅಯ್ಯೋ, ಈಗ ನನ್ನ ಸರದಿ" ಅಂತ ಮನಸ್ಸು ತನ್ನ ಮಾತು ಜೋಡಿಸುತ್ತಾ ಕೂತಿರುತ್ತೆ. ಹಾಗಾಗಿ ಪರಿಚಯದ ಸುತ್ತಿನಲ್ಲಿ ನಿಮ್ಮ ಪಕ್ಕ ಕೂತವರ ಹೆಸರೇ ನಿಮಗೆ ಗೊತ್ತಾಗಲ್ಲ. ಎರಡು ದಿನ ಅವರ ಜೊತೆಗೇ ಕೂರಬೇಕು ಬೇರೆ.

ಸುಮ್ನೆ ಓದೋನು
ಓ, ಇದಕ್ಕೆ ಹೆಸರು ಬೇರೆ ಇದೆಯಾ? ನನಗೇ ಮರೆವು ಅಂದುಕೊಂಡಿದ್ದೆ.

ಪುಸ್ತಕದ ಹುಳು
"ನೆಕ್ಸ್ಟ್ ಇನ್ ಲೈನ್ ಎಫೆಕ್ಟ್" ಅಂತಾರೆ. ಹೆಸರು ಮರೆಯೋದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ಫೋಟೋ ತೋರಿಸಿ ಕೆಲವರಿಗೆ "ಇವರು ಬೇಕರ್, ಬ್ರೆಡ್ ಮಾಡೋರು" ಅಂತಲೂ, ಕೆಲವರಿಗೆ "ಇವರ ಅಡ್ಡಹೆಸರು ಬೇಕರ್" ಅಂತಲೂ ಹೇಳಿದರೆ, ಕೆಲಸ ನೆನಪಿರುತ್ತೆ, ಹೆಸರು ನೆನಪಿರಲ್ಲ. ಪದ ಒಂದೇ ಆದರೂ! ಕೆಲಸಕ್ಕೆ ಒಂದು ಚಿತ್ರ ಅಂಟಿಕೊಳ್ಳುತ್ತೆ, ಬರೀ ಹೆಸರಿಗೆ ಏನೂ ಅಂಟಿಕೊಳ್ಳಲ್ಲ.

ಸೀಮೆಸುಣ್ಣ
ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. ಹೊಸ ಟ್ರೈನರ್ ಮೇಡಂ, ನಿಮ್ಮ ತಪ್ಪು ಆಟ ಆರಿಸಿದ್ದರಲ್ಲಿ ಇಲ್ಲ. ಅಧಿಕಾರಿಯ ಬಗ್ಗೆ ತೀರ್ಪು ಕೊಡುವ ಜಾಗದಲ್ಲಿ ಅವರ ಕೈಕೆಳಗಿನವರನ್ನು ಕೂರಿಸಿದಿರಿ, ಅಲ್ಲಿ ಎಡವಿದ್ದು. ಆ ಹುಡುಗಿ ನಿಜ ಹೇಳಿದರೂ ಕಷ್ಟ, ಸುಳ್ಳು ಹೇಳಿದರೂ ಕಷ್ಟ.

ನಾನು ಮಾಡೋದು ಹೇಳ್ತೀನಿ. ಶುರುವಾಗುವ ಮುಕ್ಕಾಲು ಗಂಟೆ ಮುಂಚೆ ರೂಮಿಗೆ ಹೋಗ್ತೀನಿ. ಪ್ರೊಜೆಕ್ಟರ್, ವಯರು, ಕುರ್ಚಿ ಎಲ್ಲ ಮೊದಲ ಕಾಲು ಗಂಟೆಯಲ್ಲಿ ಮುಗಿದಿರಬೇಕು. ಉಳಿದ ಅರ್ಧ ಗಂಟೆ ನಾನು ಬಾಗಿಲ ಹತ್ತಿರ. ಬಂದವರ ಹೆಸರು ಕೇಳಿ, ಏನು ಕೆಲಸ, ಈ ವಾರ ಆಫೀಸಲ್ಲಿ ಏನು ತಲೆನೋವು ಅಂತ ಎರಡು ಮಾತು. ಒಳಗೆ ಹೋಗುವಾಗ "ಅಲ್ಲಿ ನೀಲಿ ಶರ್ಟ್ ಹಾಕಿದ್ದಾರಲ್ಲ, ಅವರಿಗೂ ಇದೇ ತಲೆನೋವಂತೆ" ಅಂತ ಸುಮ್ನೆ ಒಂದು ಕೊಂಡಿ ಹಾಕ್ತೀನಿ. ಒಂಬತ್ತೂವರೆಗೆ ಕೋರ್ಸ್ ಅಂದರೆ ಒಂಬತ್ತೂ ಇಪ್ಪತ್ತಕ್ಕೆ ರೂಮಿನಲ್ಲಿ ಮಾತು ಶುರುವಾಗಿರುತ್ತೆ. ಅದನ್ನು ನಿಲ್ಲಿಸಿ "ಈಗ ಪರಸ್ಪರ ಮಾತಾಡೋಣ" ಅಂತ ಯಾರಾದರೂ ಹೇಳ್ತಾರಾ?

ಅಧಿಕಾರಿಗಳಿದ್ದರೆ ಹಿಂದಿನ ದಿನವೇ ಫೋನು. "ಸರ್, ನೀವು ಬಾಯಿ ತೆರೆದರೆ ಉಳಿದವರು ಬಾಯಿ ಮುಚ್ಚುತ್ತಾರೆ. ದಯವಿಟ್ಟು ಪ್ರತಿ ಚರ್ಚೆಯಲ್ಲೂ ಕೊನೆಗೆ ಮಾತಾಡಿ" ಅಂತ ನೇರವಾಗಿ ಕೇಳ್ತೀನಿ. ಇದುವರೆಗೆ ಯಾರೂ ಕೋಪ ಮಾಡಿಕೊಂಡಿಲ್ಲ.

ಜಗಳಗಂಟ
ಸೀಮೆಸುಣ್ಣ ಸರ್, ಬಾಗಿಲ ಹತ್ತಿರ ನಿಲ್ಲೋದು ಒಪ್ಪಿದೆ. ಮ್ಯಾನೇಜರ್ ಕೊನೆಗೆ ಮಾತಾಡೋದು ಮಾತ್ರ ಒಪ್ಪಲ್ಲ. ಮೂಲೆಯಲ್ಲಿ ಕೈಕಟ್ಟಿ ಕೂತು ಎಲ್ಲರ ಮಾತು ಕೇಳಿಸಿಕೊಳ್ಳುವ ಬಾಸ್ ಇನ್ನೂ ಭಯಂಕರ. ಏನು ನೋಟ್ ಮಾಡ್ಕೋತಿದಾರೋ ಅಂತ ಎಲ್ಲರಿಗೂ ಒಳಗೊಳಗೇ ಪುಕುಪುಕು. ಅವರೇ ಮೊದಲು ಮಾತಾಡಲಿ. ಆದರೆ ತಾವು ಮಾಡಿದ ಒಂದು ತಪ್ಪು ಹೇಳಲಿ.

ಸೀಮೆಸುಣ್ಣ
"ನನ್ನ ತಪ್ಪು ಅಂದರೆ ನಾನು ಜಾಸ್ತಿ ಕೆಲಸ ಮಾಡ್ತೀನಿ" ಅಂತಾರೆ. ಕೇಳಿ ಕೇಳಿ ಸಾಕಾಗಿದೆ.

ಜಗಳಗಂಟ
ಹಹ್ಹಾ, ಅದೂ ನಿಜ. ಅದಕ್ಕೇ ಹಿಂದಿನ ದಿನದ ಫೋನಿನಲ್ಲಿ ಯಾವ ತಪ್ಪು ಅಂತಲೂ ಕೇಳಿಟ್ಟುಕೊಳ್ಳಬೇಕು.

ನೈಟ್ ಶಿಫ್ಟ್
ನೀವೆಲ್ಲ ಆಫೀಸಿನವರು. ನಮ್ಮದು ಪ್ಲಾಂಟು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಸೇಫ್ಟಿ ಟ್ರೈನಿಂಗ್‌ಗೆ ಕೂರಿಸಿದರು. ಬಂದವರು "ಎಲ್ಲರೂ ಎನರ್ಜಿ ತೋರಿಸಿ, ಜೋರಾಗಿ ಚಪ್ಪಾಳೆ!" ಅಂದರು. ಎಂಟು ಗಂಟೆ ನಿಂತು ಬಂದ ಕಾಲು ಸ್ವಾಮಿ ಇದು. ನಮಗೆ ಗೊತ್ತಾಗಬೇಕಿದ್ದು ಮೂರೇ ವಿಷಯ: ಎಷ್ಟು ಹೊತ್ತಿಗೆ ಬಿಡ್ತೀರಿ, ಬ್ರೇಕ್ ಯಾವಾಗ, ಟಾಯ್ಲೆಟ್ ಎಲ್ಲಿ. ಅದು ಕೊನೇವರೆಗೂ ಹೇಳಲಿಲ್ಲ.

ಅದೇ ವಿಷಯಕ್ಕೆ ಮುಂದಿನ ಸಲ ಇನ್ನೊಬ್ಬರು ಬಂದರು. ಬಂದವರೇ ಬೋರ್ಡಿನ ಮೇಲೆ "9:15ಕ್ಕೆ ಮುಗಿಸುತ್ತೇನೆ" ಅಂತ ಬರೆದರು. ಆಮೇಲೆ ಒಂದು ಹಳೆ ಕೈಗವಸು ಎತ್ತಿ ಹಿಡಿದು, "ಇದು ನಿಮ್ಮ ಲೈನಿನಿಂದಲೇ ತಂದಿದ್ದು. ಇಲ್ಲಿ ಯಾಕೆ ಹರಿದಿದೆ ಹೇಳಿ ನೋಡೋಣ" ಅಂದರು. ಅಷ್ಟೇ. ಒಬ್ಬ "ಅದು ಮೂರನೇ ಮಷಿನ್" ಅಂದ, ಇನ್ನೊಬ್ಬ "ಅಲ್ಲಪ್ಪ, ಆ ಮಷಿನ್ ಹೆಬ್ಬೆರಳ ಹತ್ತಿರ ಹರಿಯುತ್ತೆ" ಅಂದ. ಹತ್ತು ನಿಮಿಷ ನಮ್ಮನಮ್ಮಲ್ಲೇ ವಾದ. ಪಕ್ಕದ ಲೈನಿನವರ ಹೆಸರು ನನಗೆ ಗೊತ್ತಾಗಿದ್ದು ಅವತ್ತೇ. 9:10ಕ್ಕೆ ಬಿಟ್ಟರು ಕೂಡ.

ಮೂಲೆ ಕುರ್ಚಿ
ನೈಟ್ ಶಿಫ್ಟ್ ಅಣ್ಣ, ಕೈಗವಸಿನ ಟ್ರೈನರ್‌ಗೆ ನನ್ನ ಕಡೆಯಿಂದಲೂ ನಮಸ್ಕಾರ.

ಚಪ್ಪಾಳೆ
ಅದೂ ಆಟಾನೇ ಅಲ್ವಾ? ವಸ್ತು ತೋರಿಸಿ ಊಹೆ ಮಾಡಿಸೋದು.

ನೈಟ್ ಶಿಫ್ಟ್
ಆಟ ಅಂದುಕೊಳ್ಳಿ, ಪರವಾಗಿಲ್ಲ. ನಮ್ಮ ಕೆಲಸದ ಆಟ. ನನಗೆ ಗೊತ್ತಿರೋ ವಿಷಯ ಕೇಳಿದರು, ನಾನು ಹೇಳಿದೆ.

ಬೂದುಬಣ್ಣದ ಫೈಲು
ಒಂದು ಮಾತು ಹೇಳಲೇ? ಎರಡು ವರ್ಷದ ಹಿಂದೆ ಒಂದು ಕೋರ್ಸಿನಲ್ಲಿ "ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ, ಅವರ ಬಗ್ಗೆ ಒಂದು ಖುಷಿಯ ವಿಷಯ ಹೇಳಿ" ಅಂದರು. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನ್ನ ತಂದೆ ತೀರಿಕೊಂಡು ಐದು ವಾರ ಆಗಿತ್ತು. ಸರದಿ ನನ್ನತ್ತ ಬರೋದು ಕಾಣಿಸುತ್ತಿತ್ತು. ನಾಲ್ಕು ಜನ, ಮೂರು ಜನ, ಇಬ್ಬರು. ಫೋನ್ ಬಂದ ಹಾಗೆ ಮಾಡಿ ಎದ್ದು ಹೊರಗೆ ಹೋದೆ. ವಾಪಸ್ ಬಂದಾಗ ಟ್ರೈನರ್ ನಗುತ್ತಾ "ನೀವು ತಪ್ಪಿಸಿಕೊಂಡಿರಿ, ಈಗ ಹೇಳಲೇಬೇಕು" ಅಂದರು.

ಏನು ಹೇಳಿದೆನೋ ಈಗ ನೆನಪಿಲ್ಲ. ಆ ಕೋರ್ಸಿನ ವಿಷಯವೂ ನೆನಪಿಲ್ಲ.

ಚಪ್ಪಾಳೆ
ಓದಿ ಸಂಕಟವಾಯಿತು. "ತಪ್ಪಿಸಿಕೊಂಡಿರಿ" ಅಂತ ನಾನೂ ಎಷ್ಟೋ ಸಲ ತಮಾಷೆಗೆ ಅಂದಿದ್ದೇನೆ. ಇನ್ನು ಅನ್ನಲ್ಲ.

ಸೀಮೆಸುಣ್ಣ
ಫೈಲು ಮೇಡಂ ಹೇಳಿದ್ದನ್ನು ಪ್ರತಿಯೊಬ್ಬ ಟ್ರೈನರ್ ಓದಬೇಕು. ಮನೆ, ಬಾಲ್ಯ, ಮದುವೆ, ಮಕ್ಕಳು, ಭಯ ಇವನ್ನು ನಾನು ಕೇಳೋದೇ ಇಲ್ಲ. ಕೆಲಸದ ಬಗ್ಗೆ ಮಾತ್ರ ಕೇಳ್ತೀನಿ. ಮನೆ ವಿಷಯ ಹೇಳಬೇಕು ಅನ್ನಿಸಿದವರು ಬ್ರೇಕ್‌ನಲ್ಲಿ ತಾವಾಗಿಯೇ ಹೇಳಿಕೊಳ್ತಾರೆ. "ಬೇಡ ಅನ್ನಿಸಿದರೆ ಪಾಸ್ ಅನ್ನಿ" ಅಂತ ಶುರುವಿನಲ್ಲೇ ಹೇಳಿ, ಮೊದಲ ಪ್ರಶ್ನೆಗೆ ನಾನೇ ಒಂದು ಸಲ ಪಾಸ್ ಅಂದು ತೋರಿಸ್ತೀನಿ. ಬರೀ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ.

ಅರ್ಧ ಕಿವಿ
ಜೋಡಿ ಮಾತಿನ ಬಗ್ಗೆ ಎಲ್ಲರೂ ಹೊಗಳ್ತಿದ್ದೀರಿ. ನನಗೆ ಎಡಗಿವಿ ಕೇಳಿಸಲ್ಲ. ಹನ್ನೆರಡು ಜೋಡಿ ಒಂದೇ ರೂಮಿನಲ್ಲಿ ಒಟ್ಟಿಗೆ ಮಾತಾಡಿದರೆ ನನಗೆ ಬರೀ ಜೇನುಗೂಡು. ಎದುರಿನವರ ತುಟಿ ನೋಡಿಕೊಂಡು ಹೂಂ ಹೂಂ ಅಂತೀನಿ. "ಬೇಕಾದವರು ಹೊರಗೆ ಕಾರಿಡಾರಿಗೆ ಹೋಗಿ ಮಾತಾಡಬಹುದು" ಅಂತ ಒಂದು ಮಾತು ಸೇರಿಸಿದರೆ ಸಾಕು. ಕಾರಣ ಹೇಳಬೇಕಾಗಿಲ್ಲ, ಎಲ್ಲರಿಗೂ ಅನ್ವಯ.

ಇನ್ನೊಂದು. ಮೇಜಿನ ಮೇಲಿಡುವ ಹೆಸರಿನ ಕಾರ್ಡ್. ಬಾಲ್ ಪೆನ್ನಿನಲ್ಲಿ ಬರೆದರೆ ಎರಡಡಿ ಆಚೆ ಕಾಣಲ್ಲ. ದಪ್ಪ ಮಾರ್ಕರ್ ಕೊಡಿ. ಮಡಚಿದ ಎರಡೂ ಕಡೆ ಬರೆಸಿ, ಹಿಂದೆ ಕೂತವರಿಗೂ ಗೊತ್ತಾಗಲಿ.

ಲೆಕ್ಕದವರು
ಹೆಸರಿನ ಕೆಳಗೆ ಹುದ್ದೆ ಬೇಡ. ಕರೆಯಬೇಕಾದ ಹೆಸರು ಮಾತ್ರ.

ಸುಮ್ನೆ ಓದೋನು
ದಪ್ಪ ಮಾರ್ಕರ್ ಎಲ್ಲಿ ಸಿಗುತ್ತೆ? ಟ್ರೈನಿಂಗ್ ರೂಮಿನ ಮಾರ್ಕರ್‌ಗಳು ಹುಟ್ಟುವಾಗಲೇ ಒಣಗಿರುತ್ತವೆ.

ಜಗಳಗಂಟ
ಒಣಗಿದ್ದನ್ನು ಎಸೆಯದೆ ಮತ್ತೆ ಅದೇ ಡಬ್ಬಕ್ಕೆ ಹಾಕುವವರ ಮೇಲೆ ಒಂದು ಪ್ರತ್ಯೇಕ ಚರ್ಚೆ ಶುರು ಮಾಡಬೇಕು.

ಮೂಲೆ ಕುರ್ಚಿ
ನಾನು ಹಾಕ್ತೀನಿ. ಕ್ಷಮಿಸಿ.

ನಿರ್ವಾಹಕ
ಮಾರ್ಕರ್ ಸಾಕು, ವಿಷಯಕ್ಕೆ ಬನ್ನಿ 🙂

ಕ್ಯಾಮೆರಾ ಆಫ್
ಆನ್‌ಲೈನ್ ಬ್ಯಾಚ್‌ಗಳ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಅಲ್ಲಿ ಬಾಗಿಲೂ ಇಲ್ಲ, ನೀಲಿ ಶರ್ಟೂ ಇಲ್ಲ. ನಾನು ಮಾಡೋದು ಇಷ್ಟು. ಮೊದಲ ಪ್ರಶ್ನೆಗೆ ಉತ್ತರ ಚಾಟ್‌ನಲ್ಲಿ. ಎಲ್ಲರೂ ಟೈಪ್ ಮಾಡಿ, ನಾನು "ಕಳಿಸಿ" ಅಂದಾಗಲೇ ಒಟ್ಟಿಗೆ ಕಳಿಸಬೇಕು. ಇಲ್ಲದಿದ್ದರೆ ಮೊದಲಿನವರು ಬರೆದದ್ದನ್ನೇ ಉಳಿದವರು ನಕಲು ಹೊಡೀತಾರೆ. ಆಮೇಲೆ ಮೂರು ಮೂರು ಜನರ ಚಿಕ್ಕ ರೂಮು. ಇಬ್ಬರೇ ಆದರೆ ಒಬ್ಬರ ನೆಟ್ ಹೋದಾಗ ಇನ್ನೊಬ್ಬರು ಗೋಡೆ ನೋಡ್ತಾ ಕೂರಬೇಕು.

ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯ ಮಾಡಲ್ಲ. ಚಿಕ್ಕ ರೂಮಿಗೆ ಹೋದ ಮೇಲೆ ಮುಕ್ಕಾಲು ಪಾಲು ಜನ ತಾವೇ ಆನ್ ಮಾಡ್ತಾರೆ.

ಪುಸ್ತಕದ ಹುಳು
ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಜೋಡಿಯಲ್ಲಿ ಮಾತಾಡಿ, ಕೊನೆಗೆ ಎಲ್ಲರ ಮುಂದೆ ಹೇಳಿ. ಈ ಮೂರು ಹೆಜ್ಜೆಯ ಕ್ರಮವನ್ನು ಫ್ರಾಂಕ್ ಲೈಮನ್ 1981ರಲ್ಲೇ ಶಾಲೆಯ ತರಗತಿಗಳಿಗಾಗಿ ಬರೆದಿಟ್ಟರು. ದೊಡ್ಡವರಿಗೂ ಚೆನ್ನಾಗಿ ಒಗ್ಗುತ್ತೆ. ಜೋಡಿಯಲ್ಲಿ ಒಂದು ಸಲ ಹೇಳಿ ನೋಡಿದ ಮಾತನ್ನು ಎಲ್ಲರ ಮುಂದೆ ಹೇಳೋಕೆ ಅಷ್ಟು ಭಯ ಆಗಲ್ಲ.

ಹಾಗೇ ಗುಂಪು ಬೆಳೆಯುವ ಹಂತಗಳ ಬಗ್ಗೆ ಬ್ರೂಸ್ ಟಕ್‌ಮನ್ 1965ರಲ್ಲಿ ಬರೆದದ್ದನ್ನೂ ನೋಡಬಹುದು. ಸೇರುವುದು, ಜಗಳ, ಹೊಂದಿಕೆ, ಕೆಲಸ ಅಂತ ನಾಲ್ಕು. ಚದುರುವುದು ಅಂತ ಐದನೆಯದನ್ನು 1977ರಲ್ಲಿ ಸೇರಿಸಿದರು.

ಜಗಳಗಂಟ
ಇದಕ್ಕೇ ಕಾಯ್ತಿದ್ದೆ! ಯಾವ ಟ್ರೈನಿಂಗ್‌ಗೆ ಹೋದರೂ ಆ ನಾಲ್ಕು ಹಂತದ ಸ್ಲೈಡ್ ಇದ್ದೇ ಇರುತ್ತೆ. ಟಕ್‌ಮನ್ ನೋಡಿದ್ದು ಬೇರೆಯವರು ಬರೆದ ಲೇಖನಗಳನ್ನು. ಅವುಗಳಲ್ಲಿ ಹೆಚ್ಚಿನವು ಥೆರಪಿ ಗುಂಪುಗಳ ಬಗ್ಗೆ. ವಾರಗಟ್ಟಲೆ ಸೇರುವ ಗುಂಪು ಅವು. ನಮ್ಮ ಎರಡು ದಿನದ ಕೋರ್ಸಿನಲ್ಲಿ ಜಗಳದ ಹಂತಕ್ಕೆ ಟೈಮೆಲ್ಲಿದೆ? ಎರಡನೇ ದಿನ ಮಧ್ಯಾಹ್ನ ಬಸ್ ಹಿಡಿಯೋ ಚಿಂತೆ.

ಪುಸ್ತಕದ ಹುಳು
ಒಪ್ಪಿದೆ. ಹಾಗಾದರೆ ಏಮಿ ಎಡ್ಮಂಡ್‌ಸನ್ ತಗೊಳ್ಳಿ, 1999. ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ನೋಡಿದರು. ತಪ್ಪು ಒಪ್ಪಿಕೊಂಡರೆ, ಗೊತ್ತಿಲ್ಲ ಅಂದರೆ, ಸಹಾಯ ಕೇಳಿದರೆ ಇಲ್ಲಿ ಮರ್ಯಾದೆ ಹೋಗಲ್ಲ ಅನ್ನುವ ನಂಬಿಕೆ ಇದ್ದ ತಂಡಗಳಲ್ಲಿ ಕಲಿಕೆ ಜಾಸ್ತಿ ಇತ್ತು. ಮೇಡಂ ಬ್ಯಾಚಿನಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಮುರಿದುಹೋಗಿದ್ದು ಅದೇ ಅಲ್ವಾ?

ಜಗಳಗಂಟ
ಇದಕ್ಕೆ ನನ್ನ ತಕರಾರಿಲ್ಲ. ಆಶ್ಚರ್ಯ.

ಬೂದುಬಣ್ಣದ ಫೈಲು
"ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂತ ಬೋರ್ಡಿನ ಮೇಲೆ ಬರೀತಾರಲ್ಲ, ಅದು ಕೆಲಸ ಮಾಡುತ್ತಾ? ಬಾಸ್ ರೂಮಲ್ಲೇ ಕೂತಿರುವಾಗ ನನಗಂತೂ ನಗು ಬರುತ್ತೆ.

ಸೀಮೆಸುಣ್ಣ
ನಾನು ಆ ಮಾತು ಕೊಡೋದು ನಿಲ್ಲಿಸಿದೆ. "ನಾನು ಹೊರಗೆ ಹೇಳಲ್ಲ. ಉಳಿದ 23 ಜನರ ಬಾಯಿಗೆ ನಾನು ಜವಾಬ್ದಾರ ಅಲ್ಲ. ಬೇರೆಯವರಿಗೆ ಗೊತ್ತಾದರೂ ಪರವಾಗಿಲ್ಲ ಅನ್ನಿಸುವಷ್ಟನ್ನೇ ಹೇಳಿ" ಅಂತೀನಿ. ವಿಚಿತ್ರ ಅಂದರೆ ಹಾಗಂದ ಮೇಲೆ ಜನ ಜಾಸ್ತಿ ಮಾತಾಡ್ತಾರೆ.

ಹೊಸ ಟ್ರೈನರ್
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಆಟ ಕೈಬಿಟ್ಟೆ. ಪ್ಲಾನ್ ಹೀಗಿದೆ: ಬಾಗಿಲ ಹತ್ತಿರ ನಾನು. ಬಂದವರೆಲ್ಲ ಒಂದು ಸ್ಟಿಕಿ ನೋಟ್‌ನಲ್ಲಿ "ನಾನು ಎಡವಿದ ಒಂದು ದೂರು" ಅಂತ ಹೆಸರಿಲ್ಲದೆ ಬರೆದು ಗೋಡೆಗೆ ಅಂಟಿಸೋದು. ಆಮೇಲೆ ಬೇರೆ ವಿಭಾಗದವರ ಜೊತೆ ಜೋಡಿ. ಗೋಡೆಯಿಂದ ಒಂದು ಚೀಟಿ ಕಿತ್ತುಕೊಂಡು "ಇದನ್ನು ನಾವಾಗಿದ್ದರೆ ಏನು ಮಾಡ್ತಿದ್ದೆವು" ಅಂತ ಹತ್ತು ನಿಮಿಷ ಮಾತು. ಈ ಬ್ಯಾಚಿನಲ್ಲೂ ಇಬ್ಬರು ಮ್ಯಾನೇಜರ್‌ಗಳಿದ್ದಾರೆ. ಒಬ್ಬರಿಗೆ ಮೊದಲು, ಒಬ್ಬರಿಗೆ ಕೊನೆಗೆ ಮಾತಾಡೋಕೆ ಹೇಳ್ತೀನಿ. ಸೀಮೆಸುಣ್ಣ ಸರ್, ಜಗಳಗಂಟ ಸರ್, ಯಾರು ಗೆಲ್ತೀರಿ ನೋಡೋಣ.

ನೈಟ್ ಶಿಫ್ಟ್
ಮುಗಿಯೋ ಟೈಮು ಬೋರ್ಡಿನ ಮೇಲೆ ಬರೆಯಿರಿ ಮೇಡಂ.

ಅರ್ಧ ಕಿವಿ
ಕಾರಿಡಾರ್ ಮರೀಬೇಡಿ.

ಹೊಸ ಟ್ರೈನರ್
ಎರಡನೇ ಬ್ಯಾಚ್ ನಿನ್ನೆ ಮುಗಿಯಿತು. ಬೇಗ ಬಂದವರು ಆರೇ ಜನ. ಉಳಿದವರು ಒಂಬತ್ತೂ ಇಪ್ಪತ್ತೊಂಬತ್ತಕ್ಕೆ ಒಟ್ಟಿಗೆ ನುಗ್ಗಿದರು, ಬಾಗಿಲ ಹತ್ತಿರ ಮಾತಾಡೋಕೆ ಆಗಲೇ ಇಲ್ಲ. ಆದರೂ ಆ ಆರು ಜನರಿಂದ ರೂಮಿನಲ್ಲಿ ಗುಜುಗುಜು ಇತ್ತು. ಚೀಟಿಗಳು 24 ಬರಬೇಕಿತ್ತು, 19 ಬಂದವು. ಬರೆಯದವರನ್ನು ನಾನು ಕೇಳಲಿಲ್ಲ.

ಮೊದಲು ಮಾತಾಡಿದ ಮ್ಯಾನೇಜರ್, ತಾನು ಗ್ರಾಹಕರೊಬ್ಬರ ಹೆಸರು ಮೂರು ಸಲ ತಪ್ಪಾಗಿ ಹೇಳಿ, ನಾಲ್ಕನೇ ಸಲ ಅವರೇ ಅಕ್ಷರ ಬಿಡಿಸಿ ಹೇಳಿದರೂ ಮತ್ತೆ ತಪ್ಪಿದ್ದನ್ನು ಹೇಳಿದರು. ಹೇಳುವಾಗ ಅವರ ಕಿವಿ ಕೆಂಪಗಾಗಿತ್ತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಚೀಟಿ ಯಾವುದು ಅಂತ ತಾವೇ ತೋರಿಸೋಕೆ ಶುರು ಮಾಡಿದರು. ಕೊನೆಗೆ ಮಾತಾಡಬೇಕಿದ್ದವರು ಎರಡನೇ ನಿಮಿಷಕ್ಕೇ ತಡೆಯಲಾರದೆ ಮಾತಾಡಿಬಿಟ್ಟರು. ಹಾಗಾಗಿ ಸೀಮೆಸುಣ್ಣ ಸರ್ ಪಂದ್ಯ ರದ್ದು.

ಕಾರಿಡಾರಿಗೆ ನಾಲ್ಕು ಜೋಡಿ ಹೋಯಿತು. ಒಂದು ಜೋಡಿ ವಾಪಸ್ ಬರೋದಕ್ಕೆ ಇಪ್ಪತ್ತು ನಿಮಿಷ ತಗೊಂಡಿತು.

ಸೀಮೆಸುಣ್ಣ
ಅವರು ಹೊರಗೆ ಬೈದುಕೊಂಡಿರಲಿ, ನಕ್ಕಿರಲಿ, ಲಾಭವೇ. ಪಂದ್ಯದ ಬಗ್ಗೆ ಮೇಲ್ಮನವಿ ಹಾಕ್ತೀನಿ.

ಮೂಲೆ ಕುರ್ಚಿ
ಮೊದಲ ಬ್ಯಾಚಿನ ಆ ಹುಡುಗಿ ಏನಾದರು?

ಹೊಸ ಟ್ರೈನರ್
ಮೊನ್ನೆ ಲಿಫ್ಟಿನ ಹತ್ತಿರ ಸಿಕ್ಕಿದ್ದಳು. ಅವತ್ತು ನಿನ್ನನ್ನು ಅಲ್ಲಿ ಕೂರಿಸಿದ್ದು ನನ್ನ ತಪ್ಪು, ಕ್ಷಮಿಸು ಅಂದೆ. ಆಚೆ ಈಚೆ ನೋಡಿ, ಮೆಲ್ಲಗೆ ಹೇಳಿದಳು: "ಆದರೆ ಮೇಡಂ, ಅದು ಸುಳ್ಳೇ."